ರೈಟರಾಗುತ್ತೇನೆಂದ ಹುಡುಗ

ಮೊನ್ನೆ ಸಂತೆಯ ದಿನ ಮೂಡಿಗೆರೆ ಕಡೆಯ ಕಾಫಿ ತೋಟದ ಕೂಲಿಕಾರರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಬಂದದ್ದು ಬಟವಾಡೆಯ ಒಂದು ತಕರಾರಿನ ವಿಚಾರ ಮಾತನಾಡಲು. ಆ ಮಾತು ಮುಗಿದ ಮೇಲೆ ನಾವು ಹುಡುಗನ ಕಡೆ ತಿರುಗಿ, 'ಓದು ಮುಗಿಸಿ ಏನಾಗ್ತೀಯಪ್ಪ?' ಎಂದು ಕೇಳಿದೆವು. 'ರೈಟ್ರಾಗ್ತೀನಿ ಸಾರ್' ಎಂದ. ತಂದೆಯ ಮುಖ ಅರಳಿತು.

ತೋಟದ ಸೀಮೆಯಲ್ಲಿ ರೈಟರೆಂದರೆ ಯಾರೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವವರು, ಚೆಕ್‌ರೋಲು ಬರೆಯುವವರು, ಯಾರು ಚಿಗುರು ತೆಗೆಯಬೇಕು, ಯಾರು ಮರಗಸಿಗೆ ಹೋಗಬೇಕು ಎಂದು ಹೇಳುವವರು ರೈಟರು. ಲೈನು ಮನೆಯಲ್ಲಿ ಹುಟ್ಟಿದವನು ರೈಟರಾದರೆ ಆ ಮನೆತನಕ್ಕೇ ಬಡ್ತಿ ಸಿಕ್ಕಿದ ಹಾಗೆ.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. 'ಆ ರೈಟ್ರಲ್ಲಪ್ಪ, ಕಥೆ ಬರೆಯೋ ರೈಟ್ರು' ಎಂದ. ಅರಳಿದ ಮುಖ ಬಾಡಿತು. 'ನೋಡಿ ಸ್ವಾಮಿ, ರಾತ್ರಿಯೆಲ್ಲ ಏನೋ ಗೀಚ್ತಾನೆ. ಇಲ್ಲದ ಊರಂತೆ, ಇಲ್ಲದ ಪ್ರಾಣಿಯಂತೆ. ಇದರಿಂದ ಅನ್ನ ಹುಟ್ತದಾ? ನೀವಾದ್ರೂ ಬುದ್ಧಿ ಹೇಳಿ' ಎಂದರು.

ಬುದ್ಧಿ ಹೇಳುವುದಕ್ಕೆ ಮೊದಲು ನೋಟ್‌ಬುಕ್ಕು ತೋರಿಸು ಎಂದೆವು. ಅವನ ಚೀಲದಲ್ಲೇ ಇತ್ತು. ಮುಂದಿನ ಅರ್ಧ ಶಾಲೆಯ ಲೆಕ್ಕ, ಹಿಂದಿನ ಅರ್ಧ ಕಥೆ. ಕಥೆ ಹೀಗಿದೆ: ಮಳೆಗಾಲದಲ್ಲಿ ಕುದುರೆಮುಖದ ಕಡೆಯಿಂದ ಮಂಜಿನೊಳಗೆ ಒಂದು ಪ್ರಾಣಿ ಬರುತ್ತದೆ. ಅದು ದನ ತಿನ್ನುವುದಿಲ್ಲ, ಮನುಷ್ಯರನ್ನೂ ತಿನ್ನುವುದಿಲ್ಲ. ರಾತ್ರಿ ತೋಟದ ಆಫೀಸಿಗೆ ನುಗ್ಗಿ ಚೆಕ್‌ರೋಲಿನಿಂದ ಒಂದು ಹೆಸರನ್ನು ನೆಕ್ಕಿ ತಿಂದು ಹೋಗುತ್ತದೆ. ಮಾರನೆಯ ದಿನದಿಂದ ಆ ಹೆಸರಿನವರು ಯಾರ ಕಣ್ಣಿಗೂ ಬೀಳುವುದಿಲ್ಲ. ದುಡಿಯುತ್ತಾರೆ, ಹಣ್ಣು ಕೊಯ್ಯುತ್ತಾರೆ, ಚೀಲ ತುಂಬುತ್ತದೆ. ಆದರೆ ಬಟವಾಡೆಯ ದಿನ ಅವರನ್ನು ಕೂಗುವವರಿಲ್ಲ. ಹೀಗೆ ತಾಯಿಯ ಹೆಸರು ಕಳೆದುಕೊಂಡ ಒಬ್ಬ ಹುಡುಗಿ ಆ ಹೆಸರನ್ನು ವಾಪಸು ತರಲು ಮಂಜಿನೊಳಗೆ ಹೊರಡುತ್ತಾಳೆ.

ಕಾಗುಣಿತದ ತಪ್ಪು ಬೇಕಾದಷ್ಟಿತ್ತು. ಆದರೂ ಓದಿ ಮುಗಿಸಿದ ಮೇಲೆ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ತೋಟದ ಕೂಲಿಯ ಸ್ಥಿತಿಗತಿಯ ಬಗ್ಗೆ ನಮ್ಮ ಪತ್ರಿಕೆ ಎಷ್ಟೋ ಸಂಪಾದಕೀಯ ಬರೆದಿದೆ. ಹೆಸರು ತಿನ್ನುವ ಪ್ರಾಣಿಯಷ್ಟು ಚೆನ್ನಾಗಿ ನಾವು ಒಂದು ಸಲವೂ ಹೇಳಿಲ್ಲ.

ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಪದಗಳ ಪಟ್ಟಿಯಿತ್ತು. ಕಾನು, ಬ್ಯಾಣ, ಹಡ್ಲು, ಅಬ್ಬಿ, ದರಗು, ಉಂಬಳ. ಮಳೆಗೇ ಒಂದು ಪುಟ: ಹೂಮಳೆ, ಸೋನೆ, ಜಡಿಮಳೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಅಜ್ಜಿಯ ಬಾಯಿಂದ ಕೇಳಿದ್ದು, ತುಳು ಮಾತನಾಡುವ ಪಕ್ಕದ ಮನೆಯವರಿಂದ ಕೇಳಿದ್ದು, ಅಂಗಡಿಯ ಪೊಟ್ಟಣದ ಕಾಗದದಲ್ಲಿ ಓದಿದ್ದು, ಎಲ್ಲ ಬರೆದಿಟ್ಟಿದ್ದಾನೆ. 'ಇದೆಲ್ಲ ಯಾಕೋ?' ಎಂದರೆ, 'ಚೆನ್ನಾಗಿದಾವೆ ಸಾರ್, ಬಿಟ್ರೆ ಮರ್ತು ಹೋಗ್ತವೆ' ಎಂದ. ಕೆಲವು ಮಕ್ಕಳು ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕುವ ಹಾಗೆ ಇವನು ಮಾತು ಕೂಡಿಹಾಕುತ್ತಾನೆ.

ತಂದೆಯವರ ಪ್ರಶ್ನೆ ಹಗುರವಾದದ್ದಲ್ಲ. ಇದರಿಂದ ಅನ್ನ ಹುಟ್ಟುತ್ತದೆಯೇ? ಇದನ್ನು ಅವರೊಬ್ಬರೇ ಕೇಳುತ್ತಿಲ್ಲ. ಗಿರಣಿಯ ಪಾಳಿ ಮುಗಿಸಿ ಬಂದವರೂ ಅಂಗಡಿ ಮುಚ್ಚಿ ಬಂದವರೂ ಪುಸ್ತಕ ಹಿಡಿದು ಕುಳಿತ ಮಗನನ್ನೋ ಮಗಳನ್ನೋ ನೋಡಿ ಇದನ್ನೇ ಕೇಳುತ್ತಾರೆ. ಸ್ವಲ್ಪ ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತಿದೆ. ನಮ್ಮ ಪಕ್ಷದ ಗೆಳೆಯರಲ್ಲೂ ಕೆಲವರು ಹೀಗೆಯೇ ಹೇಳುತ್ತಾರೆ. 'ಬಡವನಿಗೆ ಕಲ್ಪನೆ ಯಾತಕ್ಕೆ? ಕೂಲಿಯ ಬಗ್ಗೆ ಬರೆಯಲಿ, ಜಮೀನಿನ ಬಗ್ಗೆ ಬರೆಯಲಿ. ಇಲ್ಲದ ರಾಜ್ಯದ ಕಥೆ ಇರುವ ರಾಜ್ಯದ ಕಷ್ಟವನ್ನು ಮರೆಸುವ ಅಫೀಮು' ಎಂಬುದು ಅವರ ವಾದ.

ಈ ಗೆಳೆಯರಿಗೆ ನಾವು ಇಂಗ್ಲೆಂಡಿನ ವಿಲಿಯಂ ಮಾರಿಸ್‌ ಎಂಬವರನ್ನು ನೆನಪು ಮಾಡಿಕೊಡುತ್ತೇವೆ. ಬಟ್ಟೆಗೆ, ಗೋಡೆಯ ಕಾಗದಕ್ಕೆ ಚಿತ್ತಾರ ಬರೆಯುತ್ತಿದ್ದ ಈತ 1884ರಲ್ಲಿ ಗೆಳೆಯರೊಡನೆ ಸೋಷಲಿಸ್ಟ್ ಲೀಗ್ ಕಟ್ಟಿದರು. ಅದರ ಪತ್ರಿಕೆ 'ಕಾಮನ್‌ವೀಲ್'ಗೆ ಸಂಪಾದಕರಾದರು. ಬೀದಿಯಲ್ಲಿ ನಿಂತು ಕೂಲಿಕಾರರಿಗೆ ಭಾಷಣ ಮಾಡಿದರು. ಅದೇ ಪತ್ರಿಕೆಯಲ್ಲಿ 1890ರಲ್ಲಿ ಒಂದು ಕನಸಿನ ಕಥೆಯನ್ನು ಧಾರಾವಾಹಿಯಾಗಿ ಬರೆದರು. ಒಬ್ಬ ಮನುಷ್ಯ ರಾತ್ರಿ ಮಲಗಿ ಎದ್ದಾಗ ಒಡೆಯರೂ ಆಳುಗಳೂ ಇಲ್ಲದ ಮುಂದಿನ ಕಾಲದಲ್ಲಿರುತ್ತಾನೆ. ಆಮೇಲೆ, 1896ರಲ್ಲಿ ತೀರಿಕೊಳ್ಳುವವರೆಗೂ, ಮಾಯೆಯ ಕಾಡು, ಲೋಕದ ತುದಿಯ ಬಾವಿ ಮೊದಲಾದ ಅದ್ಭುತ ಕಥೆಗಳನ್ನೇ ಬರೆದರು. ಇಂದು ಜಗತ್ತಿನ ಹುಡುಗರೆಲ್ಲ ಓದುವ ಅದ್ಭುತ ಕಾದಂಬರಿಗಳ ದಾರಿಯನ್ನು ಮೊದಲು ತುಳಿದವರಲ್ಲಿ ಮಾರಿಸ್ ಒಬ್ಬರು. ಸಮಾಜವಾದಿ ಪಕ್ಷದ ವಾರಪತ್ರಿಕೆಯಲ್ಲಿ ಕನಸಿನ ಕಥೆ ಅಚ್ಚಾದದ್ದು ಅವತ್ತು ಯಾರಿಗೂ ಅಪಚಾರವಾಗಿ ಕಾಣಲಿಲ್ಲ. ನಮಗೇಕೆ ಕಾಣಬೇಕು?

ಅದೇ ದಾರಿಯಲ್ಲಿ ಬಂದವರು ಟಾಲ್ಕಿನ್. 1954 ಮತ್ತು 1955ರಲ್ಲಿ ಮೂರು ಸಂಪುಟವಾಗಿ ಬಂದ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಲೋಕಪ್ರಸಿದ್ಧ. ಇಂಥ ಕಥೆಗಳು ವಾಸ್ತವದಿಂದ ಓಡಿಹೋಗುವ ಕಥೆಗಳು ಎಂಬ ದೂರಿಗೆ ಅವರು ಒಂದು ಉಪನ್ಯಾಸದಲ್ಲಿ ಜವಾಬು ಕೊಟ್ಟಿದ್ದಾರೆ. ಅದರ ತಾತ್ಪರ್ಯ ಇಷ್ಟು: ಸೆರೆಮನೆಯಲ್ಲಿರುವವನು ಹೊರಗಿನ ಲೋಕವನ್ನು ನೆನೆದರೆ, ತಪ್ಪಿಸಿಕೊಂಡು ಮನೆಗೆ ಹೋಗಲು ನೋಡಿದರೆ, ಅದು ತಪ್ಪಲ್ಲ, ರಣದಿಂದ ಓಡಿಹೋಗುವ ಸಿಪಾಯಿಗೂ ಸೆರೆಯಾಳಿಗೂ ವ್ಯತ್ಯಾಸವುಂಟು. ಟಾಲ್ಕಿನ್ ಸಮಾಜವಾದಿಯಲ್ಲ. ಆದರೂ ಈ ಮಾತು ನಮ್ಮ ಲೈನು ಮನೆಗಳಿಗೆ ಒಪ್ಪುತ್ತದೆ.

ಇನ್ನೂ ಒಂದು ಮಾತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಹಾರ, ಎಂಟು ಗಂಟೆ ವಿಶ್ರಾಂತಿ ಎಂದು ರಾಬರ್ಟ್ ಓವೆನ್ 1817ರ ಸುಮಾರಿಗೆ ಹೇಳಿದಾಗ ಅದೂ ಇಲ್ಲದ ರಾಜ್ಯದ ಕಥೆಯೇ ಆಗಿತ್ತು. ಮಕ್ಕಳೂ ಹದಿನಾಲ್ಕು ಗಂಟೆ ಗಿರಣಿಯಲ್ಲಿ ನಿಲ್ಲುತ್ತಿದ್ದ ಕಾಲ ಅದು. ಇಲ್ಲದ್ದನ್ನು ಇದೆಯೆಂದು ಕಾಣುವ ಶಕ್ತಿ ಇಲ್ಲದವರಿಂದ ಯಾವ ಹಕ್ಕೂ ಬರಲಿಲ್ಲ. ಇರುವುದಷ್ಟೇ ನಿಜ ಎಂದು ಕೂಲಿಕಾರ ನಂಬಿದರೆ ಒಡೆಯನಿಗೆ ಬೇರೆ ಕಾವಲುಗಾರ ಬೇಕಿಲ್ಲ. ಆ ಮಧ್ಯದ ಎಂಟು ಗಂಟೆಗಾಗಿ ಎಷ್ಟೋ ದೇಶಗಳ ದುಡಿಯುವ ಜನ ಲಾಠಿ ತಿಂದಿದ್ದಾರೆ, ಜೈಲು ಕಂಡಿದ್ದಾರೆ. ಆ ಹೊತ್ತಿನಲ್ಲಿ ನಮ್ಮ ಮಕ್ಕಳು ಪುಸ್ತಕ ಹಿಡಿದರೆ ಅದನ್ನು ಸೋಮಾರಿತನ ಎನ್ನುವುದು ನಮಗೆ ಶೋಭಿಸುವುದಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯ ಮಣ್ಣೇ ಅದ್ಭುತ ಕಥೆಯ ಮಣ್ಣು. ಕಡೂರು ತಾಲ್ಲೂಕಿನ ದೇವನೂರಿನವರೆಂದು ಹೆಸರಾದ ಲಕ್ಷ್ಮೀಶ ಕವಿಯ 'ಜೈಮಿನಿ ಭಾರತ'ವನ್ನು ಓದು ಬಾರದವರೂ ಕೇಳಿ ಬಲ್ಲರು. ಅದರ ಚಂದ್ರಹಾಸನ ಕಥೆ ಗೊತ್ತಿಲ್ಲದ ಯಕ್ಷಗಾನದ ಪ್ರೇಕ್ಷಕರಿಲ್ಲ. ದುಷ್ಟಬುದ್ಧಿ ಮಂತ್ರಿ ಅನಾಥ ಹುಡುಗನ ಕೈಯಲ್ಲೇ ಅವನ ಮರಣದ ಓಲೆ ಕೊಟ್ಟು ಕಳಿಸುತ್ತಾನೆ. ಇವನಿಗೆ ವಿಷ ಕೊಡು ಎಂದು ಮಗನಿಗೆ ಬರೆದ ಓಲೆ. ಹುಡುಗ ತೋಟದಲ್ಲಿ ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಅದನ್ನು ಓದಿ 'ವಿಷ'ವನ್ನು 'ವಿಷಯೆ' ಎಂದು ತಿದ್ದುತ್ತಾಳೆ. ಒಂದು ಅಕ್ಷರ ಸೇರಿದ್ದಕ್ಕೆ ಕೊಲೆ ಹೋಗಿ ಮದುವೆ ಆಯಿತು.

ಇದು ಬರಿಯ ಕಥೆಯೇ? ಅಂಗಡಿಯವರನ್ನು ಕೇಳಿ. ಸಾಲಪತ್ರದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಏನಾಗುತ್ತದೆಂದು ಅವರು ಬಲ್ಲರು. ಕೂಲಿಕಾರರನ್ನು ಕೇಳಿ. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿತ್ತೆಂದು ಆಮೇಲೆ ತಿಳಿದು ತಲೆ ಚಚ್ಚಿಕೊಂಡವರು ಎಷ್ಟು ಮಂದಿ! ಓಲೆ ಹೊತ್ತು ನಡೆಯುವವನಿಗೆ ಓಲೆ ಓದಲು ಬರಬೇಕು. ಮಾತಿನ ಮೇಲೆ ಪ್ರೀತಿ ಹುಟ್ಟಿದ ಮಗುವಿಗೆ ಆ ಓದು ತಾನಾಗಿ ಬರುತ್ತದೆ. ಕಥೆಯ ಆಸೆಗೆ ಓದುವುದು ಕಲಿತವನು ಕರಾರುಪತ್ರವನ್ನೂ ಓದುತ್ತಾನೆ.

ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಕುವೆಂಪು ಹುಟ್ಟಿದರು. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರೂ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು; 1922ರಲ್ಲಿ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವೂ ಬಂತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಅವನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದರು. ಆ ಮಾತು ನಾಟಿತು. ಇಂದಿನ ಹುಡುಗರೂ ಫೋನಿನಲ್ಲಿ ಹ್ಯಾರಿ ಪಾಟರನ ಸಿನಿಮಾ ನೋಡುತ್ತಾರೆ, ಇಂಗ್ಲಿಷ್ ಹೆಸರಿನ ರಾಜರ ಕಥೆ ಬರೆಯುತ್ತಾರೆ. ಅದಕ್ಕಾಗಿ ಬೈಯಬೇಕಾಗಿಲ್ಲ. ನಿನ್ನ ಕಾನಿಗೆ, ನಿನ್ನ ಅಬ್ಬಿಗೆ ನಿನ್ನ ಮಾತಿನಲ್ಲೇ ಹೆಸರುಂಟು ಎಂದು ಹೇಳುವ ಒಬ್ಬ ಹಿರಿಯ ಸಿಕ್ಕಿದರೆ ಸಾಕು.

ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರದು ಮೂಡಿಗೆರೆಯವರೇ ಕಣ್ಣಾರೆ ಕಂಡ ಉದಾಹರಣೆ. 1938ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂ.ಎ. ಮಾಡಿ, ನೌಕರಿಯ ಗೋಜಿಗೆ ಹೋಗದೆ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಾಳಿದರು. ಲೋಹಿಯಾ ಅವರ ವಿಚಾರ ತಮ್ಮನ್ನು ರೂಪಿಸಿತೆಂದು 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. 1980ರಲ್ಲಿ ಬಂದ ಅವರ 'ಕರ್ವಾಲೋ' ಕಾದಂಬರಿಯಲ್ಲಿ ಮಂದಣ್ಣ ಎಂಬ ಹುಡುಗನಿದ್ದಾನೆ. ಜೇನು ಹಿಡಿಯುತ್ತಾನೆ, ಕಾಡು ಅಲೆಯುತ್ತಾನೆ. ಊರಿನವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೋ ಒಬ್ಬರಿಗೇ ಅವನ ಕಣ್ಣಿನ ಬೆಲೆ ಗೊತ್ತು. ಏಕೆಂದರೆ ಹಾರುವ ಓತಿಯನ್ನು ಕಂಡವನು ಅವನೇ.

ಹಾರುವ ಓತಿ ಎಂದರೆ ಪೇಟೆಯವರಿಗೆ ಕಟ್ಟುಕಥೆ ಎನ್ನಿಸೀತು. ಆದರೆ ಅದು ನಿಜವಾದ ಜೀವ. ಪಶ್ಚಿಮ ಘಟ್ಟದ ಕಾಡಿನಲ್ಲಿ, ಅಡಿಕೆ ತೋಟದಲ್ಲಿ ಇಂದೂ ಇದೆ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಅದ್ಭುತವೂ ನಿಜವೂ ಒಂದೇ ಮರದ ಮೇಲೆ ಕುಳಿತಿರುವುದನ್ನು ತೇಜಸ್ವಿ ತೋರಿಸಿದರು. ಆ ಕಥೆಯಲ್ಲಿ ಮಂದಣ್ಣನಿಗೆ ಒಬ್ಬ ಕರ್ವಾಲೋ ಸಿಕ್ಕಿದರು. ಲೈನು ಮನೆಗಳ ಮಂದಣ್ಣರಿಗೆ ಯಾರು ಸಿಗುತ್ತಾರೆ? ಇದು ನಮ್ಮ ಪ್ರಶ್ನೆ.

ಒಂದು ಸತ್ಯವನ್ನು ಮುಚ್ಚಿಡಬಾರದು. ಕುವೆಂಪು ಜಮೀನಿದ್ದ ಮನೆತನದಲ್ಲಿ ಹುಟ್ಟಿದವರು. ತೇಜಸ್ವಿ ಕಣ್ಣು ಬಿಟ್ಟದ್ದೇ ಪುಸ್ತಕಗಳ ನಡುವೆ. ಅವರ ಸಾಧನೆಗೆ ಇದರಿಂದ ಕುಂದಿಲ್ಲ. ಆದರೆ ನಮ್ಮ ಹುಡುಗನ ಮನೆಯಲ್ಲಿ ಇರುವ ಅಚ್ಚಿನ ಸಾಮಗ್ರಿ ಎಂದರೆ ಒಂದು ಕ್ಯಾಲೆಂಡರು, ಪಡಿತರ ಚೀಟಿ, ಶಾಲೆಯ ಪಠ್ಯಪುಸ್ತಕ. ಪ್ರತಿಭೆ ಎಲ್ಲ ಮನೆಯಲ್ಲೂ ಹುಟ್ಟುತ್ತದೆ, ಪುಸ್ತಕದ ಕಪಾಟು ಕೆಲವೇ ಮನೆಯಲ್ಲಿರುತ್ತದೆ. ಈ ಅಂತರವನ್ನು ತುಂಬುವುದು ಸರ್ಕಾರದ ಮತ್ತು ಸಮಾಜದ ಕೆಲಸ.

ಹ್ಯಾರಿ ಪಾಟರನ ಕಥೆ ಬರೆದ ರೌಲಿಂಗ್ ಎಂಬ ಮಹಿಳೆಯ ವಿಚಾರವನ್ನೇ ನೋಡಿ. ಇಂದು ಆಕೆ ಕೋಟ್ಯಧೀಶೆ. ಆದರೆ 1997ರಲ್ಲಿ ಅಚ್ಚಾದ ಆ ಮೊದಲ ಪುಸ್ತಕವನ್ನು ಬರೆಯುತ್ತಿದ್ದಾಗ ಆಕೆ ಕೈಗೂಸನ್ನು ಕಟ್ಟಿಕೊಂಡು ಎಡಿನ್‌ಬರೋ ಪಟ್ಟಣದಲ್ಲಿ ಸರ್ಕಾರದ ನೆರವಿನ ಹಣದಲ್ಲಿ ಒಲೆ ಹಚ್ಚುತ್ತಿದ್ದಳು. ಹನ್ನೆರಡು ಪ್ರಕಾಶಕರು ಹಸ್ತಪ್ರತಿ ಹಿಂದಿರುಗಿಸಿದ್ದರು. ಬರೆಯುವುದನ್ನು ಮುಂದುವರಿಸಲೆಂದು ಸ್ಕಾಟ್ಲೆಂಡಿನ ಕಲಾ ಮಂಡಳಿ 8,000 ಪೌಂಡು ಕೊಟ್ಟಿತು. ಸಾರ್ವಜನಿಕರ ಹಣ ಕಷ್ಟಕಾಲದಲ್ಲಿ ಒಬ್ಬ ಬಡ ತಾಯಿಯ ಕೈ ಹಿಡಿಯಿತು.

ನಮ್ಮಲ್ಲಿಯೂ ಸಾರ್ವಜನಿಕರ ಹಣ ಇಲ್ಲದೇ ಇಲ್ಲ. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಆಯಿತು. ಅದರ ಪ್ರಕಾರ ಮನೆ-ಕಟ್ಟಡಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಈಗ ಅದು ರೂಪಾಯಿಗೆ 6 ಪೈಸೆ. ಅಂಗಡಿಯವರೇ, ನಿಮ್ಮ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಕಟ್ಟಡದ ತೆರಿಗೆ 2,000 ರೂಪಾಯಿಯಾದರೆ ಗ್ರಂಥಾಲಯಕ್ಕೆಂದೇ 120 ರೂಪಾಯಿ ನೀವು ಕೊಟ್ಟಿದ್ದೀರಿ. ಓದಲಿ ಬಿಡಲಿ, ಕೊಟ್ಟಿದ್ದೀರಿ. ಕೊಟ್ಟ ಹಣ ಪುಸ್ತಕವಾಗಿ ಬಂತೇ ಎಂದು ಎಷ್ಟು ಜನ ಕೇಳಿದ್ದೇವೆ? ವಸೂಲು ಮಾಡಿದ ಕರವನ್ನು ಗ್ರಂಥಾಲಯಕ್ಕೆ ಸಲ್ಲಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ರಾಜಧಾನಿಯಿಂದಲೇ ಹಲವು ಸಲ ಬಂದಿದೆ. ಸಾಮಾನು ಕೊಡದೆ ದುಡ್ಡು ತೆಗೆದುಕೊಂಡರೆ ಅದಕ್ಕೆ ಸಂತೆಯಲ್ಲಿ ಏನೆನ್ನುತ್ತಾರೆಂದು ವ್ಯಾಪಾರಿಗಳಿಗೆ ಗೊತ್ತು.

ತೋಟದ ಕೂಲಿಕಾರರಿಗೂ ಕಾನೂನಿನ ಬಲವಿತ್ತು. 1951ರಲ್ಲಿ ಪಾರ್ಲಿಮೆಂಟು ಮಾಡಿದ ಪ್ಲಾಂಟೇಶನ್ ಕಾರ್ಮಿಕ ಕಾನೂನಿನಲ್ಲಿ ಕೂಸಿನ ಮನೆಯ ಮಾತಿತ್ತು, ಕೂಲಿಕಾರರ ಮತ್ತು ಮಕ್ಕಳ ಮನೋರಂಜನೆಯ ಮಾತಿತ್ತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದ ಕಡೆ ವಿದ್ಯಾಭ್ಯಾಸದ ಅನುಕೂಲದ ಮಾತೂ ಇತ್ತು. ಕಾನೂನು ಬರೆದವರ ಮನಸ್ಸಿನಲ್ಲಿ ಕೂಲಿಕಾರನೆಂದರೆ ಎರಡು ಕೈ ಮಾತ್ರ ಆಗಿರಲಿಲ್ಲ, ತಲೆಯೂ ಇತ್ತು. ಆ ಮಾತುಗಳು ಎಷ್ಟು ಲೈನುಗಳಿಗೆ ತಲುಪಿದವೆಂದು ಅಲ್ಲಿರುವವರೇ ಹೇಳಲಿ.

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ಕೆಲಸ ಶುರುವಾಯಿತು. ಒಳ್ಳೆಯ ಕೆಲಸ, ನಾವು ಮೆಚ್ಚುತ್ತೇವೆ. ಆಸಕ್ತಿಯುಳ್ಳ ಗ್ರಂಥಪಾಲಕರಿರುವ ಕಡೆ ಮಕ್ಕಳು ಸಾಲುಗಟ್ಟಿ ಕುಳಿತು ಓದುವುದನ್ನೂ ಕಂಡಿದ್ದೇವೆ. ಆದರೆ ನಮ್ಮ ಹುಡುಗ ಹೇಳಿದ್ದನ್ನೂ ಕೇಳಿ: 'ನಾನು ಇಸ್ಕೂಲಿಂದ ಬರೋ ಹೊತ್ತಿಗೆ ಬಾಗ್ಲು ಹಾಕಿರ್ತದೆ ಸಾರ್. ಭಾನುವಾರ ಹೋಗಣ ಅಂದ್ರೆ ನಾಲ್ಕು ಮೈಲಿ. ಮಳೆಗಾಲದಲ್ಲಿ ಹಳ್ಳ ದಾಟೋಕೆ ಅಮ್ಮ ಬಿಡಲ್ಲ.' ಇದಕ್ಕೆ ಯಾರನ್ನೂ ಹೆಸರು ಹಿಡಿದು ದೂರುವುದಿಲ್ಲ. ಬಾಗಿಲು ತೆರೆಯುವ ಹೊತ್ತನ್ನು ಗೊತ್ತು ಮಾಡುವಾಗ ಲೈನು ಮನೆಯ ಮಗುವಿನ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದಷ್ಟೇ ಹೇಳುತ್ತೇವೆ. ಅವನ ಕಥೆಯ ಪ್ರಾಣಿ ಅಲ್ಲಿಯೂ ಒಂದು ಹೆಸರು ನೆಕ್ಕಿಹೋಗಿರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ತೋಟದ ಸೀಮೆಯ ಪಂಚಾಯತಿಗಳಲ್ಲಿ ಗ್ರಂಥಾಲಯಗಳು ಸಂಜೆಯೂ ಭಾನುವಾರವೂ ತೆರೆದಿರಬೇಕು. ಹೆಚ್ಚಿನ ಹೊತ್ತಿಗೆ ಗ್ರಂಥಪಾಲಕರಿಗೆ ಹೆಚ್ಚಿನ ಸಂಬಳ ಸಲ್ಲಬೇಕು, ಅವರೂ ದುಡಿಯುವವರೇ. ಎರಡು, ಗ್ರಂಥಾಲಯಕ್ಕೆ ಬರಲಾಗದ ಮಕ್ಕಳಿಗೆ ಗ್ರಂಥಾಲಯವೇ ಹೋಗಬೇಕು. ತಿಂಗಳಿಗೊಂದು ಸಲ ಒಂದು ಪೆಟ್ಟಿಗೆ ಪುಸ್ತಕವನ್ನು ಲೈನಿಗೆ ತಲುಪಿಸಿ ಹಳೆಯದನ್ನು ವಾಪಸು ತರಲು ಒಂದು ಜೀಪು ಸಾಕು. ಮೂರು, ಪರೀಕ್ಷೆಯ ಗೈಡುಗಳ ಜೊತೆಗೆ ಕಥೆಯ ಪುಸ್ತಕ, ಕಾಡು-ಪ್ರಾಣಿಗಳ ಪುಸ್ತಕ, ಅದ್ಭುತ ಕಥೆಗಳ ಪುಸ್ತಕ ಕೊಳ್ಳಬೇಕು. ಯಾವುದು ಬೇಕೆಂದು ಮಕ್ಕಳನ್ನೂ ಕೇಳಬೇಕು. ನಾಲ್ಕು, ವಸೂಲಾದ ಗ್ರಂಥಾಲಯ ಕರ ಎಷ್ಟು, ಖರ್ಚಾದದ್ದು ಎಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪಂಚಾಯತಿಯ, ಪುರಸಭೆಯ ಬಾಗಿಲಿಗೆ ಅಂಟಿಸಬೇಕು.

ಇವೆಲ್ಲ ಸರ್ಕಾರದಿಂದ ಆಗಬೇಕಾದ ಕೆಲಸ. ನಮ್ಮಿಂದಲೂ ಆಗುವುದು ಸ್ವಲ್ಪ ಇದೆ. ಚಿಕ್ಕಮಗಳೂರಿನಲ್ಲಿ, ಮೂಡಿಗೆರೆಯಲ್ಲಿ, ಕಳಸದಲ್ಲಿ ಅಂಗಡಿ ಇಟ್ಟಿರುವ ಗೆಳೆಯರು ಗಲ್ಲಾದ ಪಕ್ಕ ಒಂದು ಹಲಗೆ ಬಿಟ್ಟುಕೊಟ್ಟರೆ ಓದಿದ ಪುಸ್ತಕವನ್ನು ಒಬ್ಬರು ಇಡಬಹುದು, ಇನ್ನೊಬ್ಬರು ಒಯ್ಯಬಹುದು. ಕಾಫಿ ಕ್ಯೂರಿಂಗಿನಲ್ಲಿ ಬೇಳೆ ಆರಿಸುವ ಅಕ್ಕಂದಿರು, ಗಿರಣಿಯ ಅಣ್ಣಂದಿರು ಮಕ್ಕಳು ಕಥೆ ಹೇಳಿದಾಗ ಐದು ನಿಮಿಷ ಕಿವಿ ಕೊಡಬಹುದು. ಇದಕ್ಕೆ ಕಾಸು ಬೇಕಿಲ್ಲ.

ತಂದೆಯವರಿಗೆ ನಾವು ಕೊಟ್ಟ ಉತ್ತರ ಇಷ್ಟು: 'ಅಣ್ಣಾ, ಇವನ ಕಥೆಯಿಂದ ನಾಳೆಯೇ ಅನ್ನ ಹುಟ್ತದೆ ಅಂತ ನಾವು ಸುಳ್ಳು ಹೇಳಲ್ಲ. ಓದು ಬಿಡಿಸಬೇಡಿ, ಒಂದು ಕೆಲಸವನ್ನೂ ಕಲೀಲಿ. ಆದ್ರೆ ರಾತ್ರಿ ದೀಪ ಆರಿಸಬೇಡಿ. ನಿಮ್ಮ ಬಟವಾಡೆ ತಕರಾರು ಇದೆಯಲ್ಲ, ಅದನ್ನ ಇವನು ನಮಗಿಂತ ಚೆನ್ನಾಗಿ ಬರೆದಿದ್ದಾನೆ.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಹುಡುಗಿ ಅವಳಮ್ಮನ ಹೆಸರು ತರ್ತಾಳೇನೋ?' ಎಂದು ಮಗನನ್ನು ಕೇಳಿದರು.

'ಇನ್ನೂ ಬರೆದಿಲ್ಲಪ್ಪ' ಎಂದ ಹುಡುಗ. ನೋಟ್‌ಬುಕ್ಕು ಮುಗಿದಿತ್ತು. ಕಚೇರಿಯಲ್ಲಿದ್ದ ಒಂದು ಹೊಸ ಲೆಕ್ಕದ ಪುಸ್ತಕವನ್ನು ಕೊಟ್ಟು ಕಳಿಸಿದೆವು. ಬರೆದು ಮುಗಿಸಿದರೆ ಈ ಪತ್ರಿಕೆಯಲ್ಲಿ ಅದಕ್ಕೆ ಜಾಗವಿದೆ.